ಟಾರ್ಪಾಲಿನ ಕೆಳಗಿನ ಹೊಸ ಕಾರು

ಯಾರ ಕಾರಿನಲ್ಲಿ ಕುಳಿತರೂ ಮೊದಲ ಸ್ವಲ್ಪ ದೂರ ನಾನು ಮಾತಾಡುವುದಿಲ್ಲ. ಪಕ್ಕದವರು ಏನಾದರೂ ಕೇಳಿದರೆ ತಲೆಯಾಡಿಸುತ್ತೇನೆ, ಅಷ್ಟೇ. ಹೊಸದಾಗಿ ಪರಿಚಯವಾದವರು ಇವಳಿಗೆ ಓದಿದ ಜಂಬ ಅಂದುಕೊಳ್ಳುತ್ತಾರೆ. ಹಳಬರು ಇವಳು ಇರುವುದೇ ಹೀಗೆ ಎಂದು ಸುಮ್ಮನಾಗುತ್ತಾರೆ. ನಿಜ ಏನೆಂದರೆ, ಆ ಹೊತ್ತಿನಲ್ಲಿ ನಾನು ಕಾರಿನ ಶಬ್ದ ಕೇಳುತ್ತಿರುತ್ತೇನೆ. ಮೊನ್ನೆ ಕಾಲೇಜಿನ ಸಹೋದ್ಯೋಗಿಯೊಬ್ಬರು ತಮ್ಮ ಹೊಸ ಕಾರಿನಲ್ಲಿ ತುಮಕೂರಿನ ಬಟವಾಡಿಯವರೆಗೆ ಬಿಡುತ್ತೇನೆಂದರು. ಹತ್ತಿದ ಕೂಡಲೇ ಹಾಡು ಹಾಕಿದರು. ಸ್ವಲ್ಪ ಸಣ್ಣಗೆ ಮಾಡುತ್ತೀರಾ ಎಂದು ಕೇಳಿದೆ. ನನಗೆ ತಲೆನೋವೆಂದು ತಿಳಿದು ಅವರು ಪರ್ಸಿನಿಂದ ಮಾತ್ರೆ ತೆಗೆದುಕೊಟ್ಟರು. ನಿಮ್ಮ ಮೂರನೇ ಗೇರು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಹೇಳುವುದಕ್ಕಿಂತ ಮಾತ್ರೆ ನುಂಗುವುದೇ ಸುಲಭವೆನಿಸಿತು. ನುಂಗಿದೆ.

ಈ ರೋಗ ನನಗೆ ಅಂಟಿದ್ದು ನಮ್ಮ ಮನೆಯ ಮೊದಲ ಕಾರಿನಿಂದ. ಆದರೆ ಕಾರಿನ ವಿಷಯ ಹೇಳುವ ಮುಂಚೆ ಮಿಕ್ಸಿಯ ವಿಷಯ ಹೇಳಬೇಕು. ಇಲ್ಲದಿದ್ದರೆ ನಮ್ಮ ಮನೆಯವರು ನಿಮಗೆ ಅರ್ಥವಾಗುವುದಿಲ್ಲ.

ತೊಂಬತ್ತರ ದಶಕದಲ್ಲಿ ನಾವು ಗುಬ್ಬಿಯಲ್ಲಿದ್ದೆವು. ಅಪ್ಪ ಅಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಆಗ ಮನೆಗೊಂದು ಮಿಕ್ಸಿ ಬಂತು. ಅಂಗಡಿಯವನು ವಾರಂಟಿ ಕಾರ್ಡಿಗೆ ಸೀಲು ಹೊಡೆದು ಕೊಟ್ಟ. ಅಮ್ಮ ಮಿಕ್ಸಿಗೆ ಕುಂಕುಮವಿಟ್ಟು, ಅದನ್ನು ಅದರದೇ ಥರ್ಮೋಕೋಲಿನಲ್ಲಿ ಮತ್ತೆ ಕೂರಿಸಿ, ಡಬ್ಬ ಮುಚ್ಚಿ ಅಟ್ಟಕ್ಕೇರಿಸಿದಳು. ಚಟ್ನಿ ಎಂದಿನಂತೆ ಒರಳುಕಲ್ಲಿನಲ್ಲೇ ಆಯಿತು. ಯಾರಾದರೂ ಬಂದಾಗ ತೆಗೆಯೋಣ ಅಂದಳು. ಬಂದವರು ಮಿಕ್ಸಿಗೆ ತಕ್ಕವರಲ್ಲವೆಂದು ಅವಳಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು. ಕೊನೆಗೆ ತಕ್ಕವರು ಬಂದರು. ಡಬ್ಬ ಇಳಿಯಿತು, ಸ್ವಿಚ್ಚು ಹಾಕಿದರು, ಕಾಯಿತುರಿ ಅರ್ಧ ಸುತ್ತು ತಿರುಗಿತು, ಅಡುಗೆಮನೆಯೆಲ್ಲ ಹೊಗೆ. ವಾರಂಟಿ ಅಟ್ಟದ ಮೇಲೇ ತೀರಿಹೋಗಿತ್ತು. ಅಪ್ಪನಿಗೆ ಇದರಿಂದ ದುಃಖವಾಯಿತೇ ಹೊರತು ಬುದ್ಧಿ ಬರಲಿಲ್ಲ. ನಾನೂ ಅವರ ಮಗಳೇ. ಎಸ್ಸೆಸ್ಸೆಲ್ಸಿಯವರೆಗೂ ನನ್ನ ಜಾಮಿಟ್ರಿ ಬಾಕ್ಸಿನ ಕೈವಾರ ಹೊಚ್ಚಹೊಸದಾಗಿತ್ತು. ಗೆಳತಿಯ ಕೈವಾರ ಕೇಳಿ ಪಡೆದು ವೃತ್ತ ಬರೆಯುತ್ತಿದ್ದೆ.

ಹೊಸದನ್ನು ಹೊಸದಾಗಿಯೇ ಇಡುವುದು ನಮ್ಮಲ್ಲಿ ಮರ್ಯಾದೆಯ ವಿಷಯ. ವಸ್ತು ಕೊಂಡ ಮೇಲೆ ಅದನ್ನು ಬಳಸದೆ ಇರುವ ಶಕ್ತಿ ಇದ್ದವರೇ ಅದಕ್ಕೆ ಯೋಗ್ಯರು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು.

ಅಪ್ಪನಿಗೆ ತುಮಕೂರಿಗೆ ವರ್ಗವಾಗಿ, ನಾವು ಬಟವಾಡಿಯ ಬಾಡಿಗೆ ಮನೆಗೆ ಬಂದು, ಅಕ್ಕನ ಮದುವೆಯೂ ಆದ ಮೇಲೆ ಕಾರು ಬಂತು. ಅಷ್ಟು ಹೊತ್ತಿಗೆ ಹೊಸ ಶತಮಾನ ಶುರುವಾಗಿತ್ತು. ನಾನು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಬಿಳಿಯ ಪುಟ್ಟ ಕಾರು. ಸೀಟಿನ ಪ್ಲಾಸ್ಟಿಕ್ಕು ತೆಗೆಯಲಿಲ್ಲ, ಬಿಸಿಲಿನಲ್ಲಿ ಅದು ತೊಡೆಗೆ ಅಂಟಿ ಕಿತ್ತು ಬರುತ್ತಿತ್ತು. ಮನೆಯ ಮುಂದೆ ಶೆಡ್ಡು ಇರಲಿಲ್ಲವಾದ್ದರಿಂದ ಅಪ್ಪ ಒಂದು ನೀಲಿ ಟಾರ್ಪಾಲು ತಂದು, ನಾಲ್ಕೂ ಮೂಲೆಗೆ ಹಗ್ಗ ಕಟ್ಟಿ, ಕಾರನ್ನು ಪೂರ್ತಿ ಮುಚ್ಚಿದರು. ಭಾನುವಾರ ಬೆಳಗ್ಗೆ ಟಾರ್ಪಾಲು ಸರಿಸಿ, ಒರೆಸಿ, ನಿಂತಲ್ಲೇ ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ, ಮತ್ತೆ ಮುಚ್ಚುತ್ತಿದ್ದರು. ಮಗುವಿಗೆ ಎಣ್ಣೆನೀರು ಹಾಕಿ ಮಲಗಿಸಿದ ಹಾಗೆ. ಅಮ್ಮ ತರಕಾರಿಗೆ ಆಟೋದಲ್ಲಿ ಹೋಗುತ್ತಿದ್ದಳು. ಕಾರಿಗೆ ಹೊಟ್ಟೆನೋವು ಬಂದಿದೆಯೇನೋ ಎಂದು ಪಕ್ಕದ ಮನೆಯವರು ಒಮ್ಮೆ ಅಮ್ಮನನ್ನು ಕೇಳಿದ್ದರಂತೆ.

ನಿಲ್ಲಿಸಿದಷ್ಟೂ ಕಾರಿನ ಆಯುಷ್ಯ ಉಳಿಯುತ್ತದೆ ಎಂಬುದು ಅಪ್ಪನ ಲೆಕ್ಕ. ಅವರು ವರ್ಷದಲ್ಲಿ ಕೆಲವೇ ಸಲ ಅದನ್ನು ಹೊರಗೆ ತೆಗೆದದ್ದು, ಅಮ್ಮನ ತವರು ಅಮೃತೂರಿಗೆ ಹೋಗಲು. ಅಂಥ ಒಂದು ಪ್ರಯಾಣದಲ್ಲಿ ನನಗೆ ಆ ಶಬ್ದ ಮೊದಲು ಕೇಳಿಸಿತು. ಮೂರನೇ ಗೇರಿಗೆ ಬಂದಾಗ ಕಾಲ ಕೆಳಗಿನಿಂದ ರಾಗಿ ಬೀಸುವ ಕಲ್ಲಿನ ಹಾಗೆ ಗೊರ್ ಎನ್ನುತ್ತಿತ್ತು. ಕಂಪನಿಯವರಿಗೆ ತೋರಿಸಿಬಿಡಿ ಎಂದು ಅಮ್ಮನೂ ಹೇಳಿದಳು, ನಾನೂ ಹೇಳಿದೆ.

"ಹೊಸ ಮೆಟ್ಟು ಕಚ್ಚಲ್ವೇನಮ್ಮ? ಹಂಗೇ ಇದು. ಪಳಗುತ್ತೆ," ಅಂದರು ಅಪ್ಪ. "ಅವ್ರು ಬಿಚ್ಚಿ ನೋಡ್ತಾರೆ. ಒಂದ್ಸಲ ಬಿಚ್ಚಿದ ಮೇಲೆ ಅದು ಹೊಸ ಕಾರಾ?"

ಟಾರ್ಪಾಲಿನ ಕೆಳಗೆ ಕಾರು ಪಳಗುವುದು ಹೇಗೆಂದು ನಾನು ಕೇಳಲಿಲ್ಲ. ಗಣಿತದ ಮೇಷ್ಟ್ರನ್ನು ಹಾಗೆಲ್ಲ ಕೇಳುವ ರೂಢಿ ನಮ್ಮಲ್ಲಿಲ್ಲ.

ಆ ಹೊತ್ತಿಗೆ ಅಕ್ಕ ಬಸುರಿಯಾದಳು. ಅವಳನ್ನು ಕುಣಿಗಲ್ಲಿಗೆ ಕೊಟ್ಟಿತ್ತು. ಹಿಂದೊಮ್ಮೆ ಮೂರು ತಿಂಗಳು ತುಂಬುವ ಮುಂಚೆ ಗರ್ಭ ಹೋಗಿಬಿಟ್ಟಿತ್ತು. ಆಗ ಅವಳು ತುಮಕೂರಿಗೆ ಬಸ್ಸಿನಲ್ಲಿ ಬಂದು ಹೋಗಿದ್ದಳು. ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕನ ಅತ್ತೆ ಗೌರಮ್ಮನವರು ಮಾತ್ರ ಸಂಬಂಧವಿದೆ ಎಂದು ನಂಬಿದ್ದರು. ಹೊರಗೆ ನಗುತ್ತಿದ್ದ ಅಕ್ಕನೂ ಒಳಗೊಳಗೆ ಹಾಗೇ ನಂಬಿದ್ದಾಳೆಂದು ನನಗೆ ಗೊತ್ತಿತ್ತು. ಸೀಮಂತಕ್ಕೆ ನಾವೆಲ್ಲ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದಾಗ ಗೌರಮ್ಮನವರು ಎಲೆ ಹಾಕಿದ ಪಂಕ್ತಿಯಲ್ಲೇ ವಿಷಯ ತೆಗೆದರು.

"ನೋಡಿ ಬೀಗ್ರೇ, ಚೊಚ್ಚಲ ಬಾಣಂತನ ತವರಲ್ಲಿ ಆಗ್ಬೇಕು, ನಾ ಬ್ಯಾಡ ಅನ್ನಲ್ಲ. ಆದ್ರೆ ಬಸ್ಸಲ್ಲಿ ಕಳ್ಸಕಿಲ್ಲ. ಬಾಡಿಗೆ ಕಾರಲ್ಲೂ ಕಳ್ಸಕಿಲ್ಲ, ಅವ್ರು ಗುಂಡಿ ಅನ್ನಲ್ಲ ಗುದ್ರ ಅನ್ನಲ್ಲ, ಹಾರಿಸ್ಕಂಡು ಹೋಯ್ತಾರೆ. ನಿಮ್ದೇ ಕಾರೈತೆ. ನೀವೇ ನಿಧಾನಕ್ಕೆ ಓಡಿಸ್ಕಂಡು ಕರ್ಕಂಡು ಹೋಗದಾದ್ರೆ ಕರ್ಕಂಡು ಹೋಗಿ. ಇಲ್ದಿದ್ರೆ ಹೆರಿಗೆ ಇಲ್ಲೇ ಆಗ್ಲಿ."

ಅಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ, ಇಡೀ ಪಂಕ್ತಿಗೆ ಕೇಳುವಂತೆ, ನಮ್ಮ ಕಾರಲ್ಲೇ ಕರೆದುಕೊಂಡು ಹೋಗುತ್ತೇವೆ ಅಂದರು. ಅಕ್ಕ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ತವರಿಗೆ ಬಂದು ಅಮ್ಮನ ಪಕ್ಕ ಮಲಗಬೇಕೆಂದು ಅವಳು ಎಷ್ಟು ದಿನದಿಂದ ಕಾಯುತ್ತಿದ್ದಳೋ. ಎಂಟನೇ ತಿಂಗಳಲ್ಲಿ ಬಸುರಿಯನ್ನು ಕರೆದೊಯ್ಯುವ ಪದ್ಧತಿ ಎರಡೂ ಮನೆಯಲ್ಲಿ ಇರಲಿಲ್ಲ. ಒಂಬತ್ತರಲ್ಲಿ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಂದರೆ ಏಳು ಮುಗಿಯುವುದರೊಳಗೆ ಬಂದರೆ ಬಂದಳು, ಇಲ್ಲವಾದರೆ ಇಲ್ಲ.

ಊರಿಗೆ ಬಂದು ಅಪ್ಪ ಟಾರ್ಪಾಲು ಬಿಚ್ಚಿದರು. ಅಪ್ಪನ ಸ್ಕೂಲಿನ ಪರೀಕ್ಷೆಯ ನೆಪದಲ್ಲಿ ಕೆಲವು ಭಾನುವಾರ ಕಾರಿನ ಎಣ್ಣೆನೀರು ತಪ್ಪಿತ್ತು. ಕಾರು ಸ್ಟಾರ್ಟ್ ಆಗಲಿಲ್ಲ. ಬಾನೆಟ್ಟು ಎತ್ತಿದರೆ ಒಳಗೆ ಇಲಿಯ ಸಂಸಾರ. ಸೀಟಿನ ಪ್ಲಾಸ್ಟಿಕ್ಕನ್ನು ನಾವು ಮುಟ್ಟಿರಲಿಲ್ಲ. ಇಲಿ ಅದನ್ನು ಒಪ್ಪವಾಗಿ ಕತ್ತರಿಸಿ ಹಾಸಿಗೆ ಮಾಡಿಕೊಂಡಿತ್ತು, ವೈರುಗಳನ್ನೂ ರುಚಿ ನೋಡಿತ್ತು. ವೈರು ಸರಿಮಾಡಿಸಿ, ಬ್ಯಾಟರಿ ಬದಲಿಸಿ ರಸ್ತೆಗೆ ತಂದಾಗ, ಆ ಗೊರಗೊರ ಈಗ ಎಲ್ಲ ಗೇರಿನಲ್ಲೂ ಕೇಳುತ್ತಿತ್ತು. ಹೆದ್ದಾರಿಯ ಪಕ್ಕದ ಕಂಪನಿ ಸರ್ವಿಸ್ ಸ್ಟೇಷನ್ನಿಗೆ ಹೋದೆವು. ಟೈ ಕಟ್ಟಿದ ಹುಡುಗನೊಬ್ಬ ಒಂದು ಸುತ್ತು ಓಡಿಸಿ ಬಂದು, ಗೇರ್‌ಬಾಕ್ಸು ಹೋಗಿದೆ, ಪೂರ್ತಿ ಬದಲಾಯಿಸಬೇಕು, ವಾರಂಟಿ ಹೋದ ತಿಂಗಳು ಮುಗಿದಿದೆ ಅಂದ. ಮುಂಚೆ ತಂದಿದ್ದರೆ ಪುಕ್ಕಟೆಯಾಗಿ ಆಗುತ್ತಿತ್ತಂತೆ.

"ಆದ್ರೆ ನಾವು ಇದನ್ನ ಓಡಿಸೇ ಇಲ್ವಲ್ಲಪ್ಪ," ಅಂದರು ಅಪ್ಪ, ನ್ಯಾಯ ಕೇಳುವವರ ಹಾಗೆ.

"ವಾರಂಟಿ ಓಡ್ಸಿದ್ರೂ ಮುಗಿಯುತ್ತೆ, ನಿಲ್ಸಿದ್ರೂ ಮುಗಿಯುತ್ತೆ ಸರ್," ಅಂದ ಹುಡುಗ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಅವನು ಹೇಳಿದ ಮೊತ್ತವನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪ ಗೋಡೆಯ ಮೇಲಿದ್ದ ಚಿತ್ರವನ್ನೇ ನೋಡುತ್ತ ನಿಂತರು. ಒಂದು ಸಂಸಾರ ಕಾರಿನ ಕಿಟಕಿಗಳಿಂದ ಕೈ ಹೊರಹಾಕಿ ನಗುತ್ತಿತ್ತು. ಅವರ ಸೀಟಿಗೆ ಪ್ಲಾಸ್ಟಿಕ್ಕಿರಲಿಲ್ಲ.

ಅಪ್ಪನಿಗೆ ಆಗ ನೆನಪಾದವನು ಗುಬ್ಬಿಯ ರಂಗಸ್ವಾಮಿ. ಅವರ ಹಳೆಯ ಶಿಷ್ಯ, ಈಗ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದ. ಗಣಿತದಲ್ಲಿ ಹಿಂದೆ, ಮಾತಿನಲ್ಲಿ ಮುಂದೆ. ಗೊರಗೊರ ಎನ್ನುತ್ತಲೇ ಗುಬ್ಬಿ ಮುಟ್ಟಿದೆವು. ರಂಗಸ್ವಾಮಿ ಕೈ ಒರೆಸಿಕೊಂಡು ಅಪ್ಪನ ಕಾಲು ಮುಟ್ಟಿದ. ಅಪ್ಪ ವಿವರ ಹೇಳಿ ಮುಗಿಸುವ ಮುಂಚೆಯೇ, ಬರೀ ಬೇರಿಂಗು ಸಾ, ಕಂಪನಿಯೋರು ಸುಮ್ನೆ ಹೆದ್ರುಸ್ತಾರೆ, ಒಂದು ವಾರ ಬುಡಿ, ಬೆಣ್ಣೆ ಹಂಗೆ ಓಡ್ತದೆ ಎಂದು ಹೇಳಿ ಕಾರನ್ನು ಒಳಗೆ ತಳ್ಳಿಸಿಕೊಂಡ. ಅಪ್ಪ ಬಸ್ಸಿನಲ್ಲಿ ಬರುವಾಗ ನೆಮ್ಮದಿಯಿಂದ ನಿದ್ದೆ ಮಾಡಿದರು. ನಾನು ಮಾಡಲಿಲ್ಲ. ಕಾರಿನ ಕೆಳಗೆ ಇಣುಕಿಯೂ ನೋಡದೆ ಅವನು ಬೇರಿಂಗು ಅಂದದ್ದು ನನ್ನ ಮನಸ್ಸಿನಲ್ಲಿ ಕುಟುಕುತ್ತಿತ್ತು.

ವಾರ ಕಳೆಯಿತು. ಬೆಂಗಳೂರಿನಿಂದ ಸಾಮಾನು ಬರಬೇಕಂತೆ ಎಂದು ಗ್ಯಾರೇಜಿನ ಹುಡುಗನಿಂದ ಸುದ್ದಿ ಬಂತು. ಮತ್ತೆ ಸುದ್ದಿಯಿಲ್ಲ. ಅಮ್ಮ ಕೋಣೆ ಗುಡಿಸಿ, ಹಳೆಯ ಸೀರೆ ಒಗೆದು ಮಗುವಿಗೆ ಬಟ್ಟೆ ಮಾಡಿಟ್ಟಳು. ದಿನ ಬೆಳಗಾದರೆ ಕ್ಯಾಲೆಂಡರಿನ ಮುಂದೆ ನಿಲ್ಲುವಳು. ಅಕ್ಕ ಫೋನಿನಲ್ಲಿ ಕಾರಿನ ವಿಷಯ ಕೇಳುತ್ತಿರಲಿಲ್ಲ, ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ರಾ ಎಂದು ಕೇಳುತ್ತಿದ್ದಳು. ಅದು ಕಾರಿನ ವಿಷಯವೇ ಎಂದು ನಮಗೆಲ್ಲ ತಿಳಿಯುತ್ತಿತ್ತು. ಕಾರು ರಿಪೇರಿಗೆ ಹೋಗಿದೆಯೆಂದು ಕುಣಿಗಲ್ಲಿನಲ್ಲಿ ಯಾರಿಗೂ ಹೇಳಿರಲಿಲ್ಲ. ಖಾಲಿ ಜಾಗದಲ್ಲಿ ಟಾರ್ಪಾಲು ಮಡಿಚಿಟ್ಟಿತ್ತು.

ಇದೇ ಸಮಯಕ್ಕೆ ಮನೆಗೆ ಮೂಕ ಫೋನುಗಳು ಬರತೊಡಗಿದವು. ಅಪ್ಪ ಎತ್ತಿ ಹಲೋ ಅಂದರೆ ಆ ಕಡೆ ಒಂದು ಉಸಿರು, ಆಮೇಲೆ ಕಟ್. ಸಂಜೆ ಸಂಜೆಗೆ ಇದೇ. ಮನೆಯಲ್ಲಿ ಮದುವೆಯ ವಯಸ್ಸಿನ ಮಗಳಿದ್ದು, ಅವಳು ಹೆಚ್ಚು ಮಾತಾಡದವಳೂ ಆಗಿದ್ದರೆ, ಮೂಕ ಫೋನಿನ ಅರ್ಥ ಒಂದೇ. ಅಪ್ಪ ನನ್ನ ಮುಖ ನೋಡುವುದನ್ನು ಬಿಟ್ಟರು. ಅಮ್ಮ ತಲೆಗೆ ಎಣ್ಣೆ ಹಚ್ಚುವ ನೆವದಲ್ಲಿ ಕೂರಿಸಿಕೊಂಡು, ನಿಮ್ಮ ಕ್ಲಾಸಿನಲ್ಲಿ ಹುಡುಗರು ಎಷ್ಟು ಜನ, ಯಾವ ಕಡೆಯವರು ಎಂದೆಲ್ಲ ಕೇಳಿದಳು. ನನ್ನ ಜೀವನದಲ್ಲಿ ಅಂಥದ್ದೇನೂ ಇರಲಿಲ್ಲ. ಇಲ್ಲವೆಂದು ಹೇಳುವುದಕ್ಕೂ ಸಂಕೋಚವಾಗಿ ಸುಮ್ಮನಿದ್ದೆ. ಅದು ಅಮ್ಮನಿಗೆ ಒಪ್ಪಿಕೊಂಡ ಹಾಗೆ ಕೇಳಿಸಿತು.

ಒಂದು ಸಂಜೆ ಅಪ್ಪ ಹೊರಗೆ ಹೋಗಿದ್ದಾಗ ಫೋನು ಬಂತು, ನಾನೇ ಎತ್ತಿದೆ. ಅಮ್ಮ ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಆ ಕಡೆಯ ಗಂಡಸಿನ ದನಿ ಜೋರಾಗಿಯೇ ಇತ್ತು, "ಮೇಡಂ, ನೀವಾ? ಮನೇಲಿ ಸರ್ ಇಲ್ಲ ತಾನೆ?"

ಅಮ್ಮನ ಕೈ ನಿಂತಿತು.

"ನಾನು ರಂಗಸ್ವಾಮಿ ಮೇಡಂ, ಗುಬ್ಬಿ. ದಿನಾ ಮಾಡ್ತಾ ಇದೀನಿ, ಸರೇ ಎತ್ತುತಾರೆ, ಅವ್ರ ದನಿ ಕೇಳ್ತಿದ್ದಂಗೆ ನಂಗೆ ನಾಲ್ಗೆ ಹೊಳ್ಳಕಿಲ್ಲ. ಬೇರಿಂಗು ಅಲ್ಲ ಮೇಡಂ. ಬಿಚ್ಚಿ ನೋಡಿದ್ರೆ ಒಳಗಡೆ ಗೇರಿನ ಹಲ್ಲೆಲ್ಲ ತಿಂದೋಗೈತೆ. ಕಂಪನಿಯೋರು ಹೇಳಿದ್ದೇ ಸರಿ. ಗ್ಯಾರಂಟಿ ಇರೋವಾಗ ನಾಲ್ಕು ದಿನ ಜೋರಾಗಿ ಓಡ್ಸಿದ್ರೆ ಅವತ್ತೇ ಸಿಕ್ಕಾಕ್ಕಳದು. ನೀವೇ ಸರ್‌ಗೆ ಒಂಚೂರು ನಿಧಾನಕ್ಕೆ ಹೇಳಿ."

ನಾನು ಫೋನಿಟ್ಟೆ. ಅಮ್ಮನಿಗೆ ವಿಷಯ ಹೇಳಿದೆ. ಅವಳ ಮುಖದಲ್ಲಿ ಮೊದಲು ದೊಡ್ಡ ನೆಮ್ಮದಿ ಹರಡಿತು. ಅದರ ಹಿಂದೆಯೇ ಗೇರ್‌ಬಾಕ್ಸಿನ ಸಂಕಟ ಬಂದು ಸೇರಿತು. ಎರಡನ್ನೂ ಒಟ್ಟಿಗೆ ಹೊತ್ತ ಆ ಮುಖವನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬರಲಿಲ್ಲ. ಏಳನೇ ತಿಂಗಳು ಮುಗಿಯುತ್ತ ಬಂದಿತ್ತು, ಕಾರು ಹೊಟ್ಟೆ ಬಿಚ್ಚಿಕೊಂಡು ಗುಬ್ಬಿಯಲ್ಲಿ ಮಲಗಿತ್ತು.

ಅಪ್ಪನಿಗೆ ನಿಧಾನಕ್ಕೆ ಹೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ, ನೇರವಾಗಿ ಹೇಳಿದೆ. ಮರುದಿನ ಇಬ್ಬರೂ ಗುಬ್ಬಿಗೆ ಹೋದೆವು. ರಂಗಸ್ವಾಮಿ ಸ್ಟೂಲು ಹಾಕಿದ. ಅಪ್ಪ ಕೂತರು. ಕಾರು ಇಟ್ಟಿಗೆಯ ಮೇಲೆ ನಿಂತಿತ್ತು, ಅದರ ಒಳಗಿನದೆಲ್ಲ ಗೋಣಿಚೀಲದ ಮೇಲೆ ಸಾಲಾಗಿ ಹರಡಿತ್ತು. ಹೊಸ ಕಾರನ್ನು ಬಿಚ್ಚುವುದನ್ನೇ ಸಹಿಸದ ಮನುಷ್ಯ ಅದನ್ನೆಲ್ಲ ನೋಡುತ್ತ ಕೂತರು.

"ಯಾಕೋ ರಂಗ, ನಂಗೆ ಹೇಳ್ಲಿಲ್ಲ?"

"ತಪ್ಪಾಗೈತೆ ಅಂತ ನಿಮ್ ಮುಂದೆ ನಿಂತ್ಕಂಡು ಹೇಳಿ ಅಭ್ಯಾಸ ಇಲ್ಲ ಸಾ," ಅಂದ ರಂಗಸ್ವಾಮಿ, ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ. "ಸ್ಕೂಲಲ್ಲೂ ಹೇಳ್ತಿರ್ಲಿಲ್ಲ. ಉತ್ತರ ಬರ್ದೇ ಇದ್ರೆ ಪೇಪರ್ರೇ ಮಡಿಚಿಕ್ಕಂಬುಡ್ತಿದ್ದೆ."

ಅಪ್ಪ ಗೋಣಿಚೀಲದಿಂದ ಹಲ್ಲು ಸವೆದ ಚಕ್ರವೊಂದನ್ನು ಎತ್ತಿ ನೋಡಿದರು. ಆಮೇಲೆ, ಬಹಳ ಸಣ್ಣ ದನಿಯಲ್ಲಿ, "ನಾನೂ ಅದೇ ಮಾಡಿದೀನಿ ಬಿಡು. ಟಾರ್ಪಾಲು ಹೊದಿಸಿದೀನಿ," ಅಂದರು.

ಕಟ್ಟಬೇಕೆಂದಿದ್ದ ಸ್ವಂತ ಮನೆಯ ಪಾಯಕ್ಕೆಂದು ಇಟ್ಟಿದ್ದ ದುಡ್ಡಿನಲ್ಲಿ ಒಂದು ಭಾಗ ಗೇರ್‌ಬಾಕ್ಸಾಯಿತು. ಪಾಯ ಮುಂದಕ್ಕೆ ಹೋಯಿತು. ಅಪ್ಪ ಎದುರಿಗೆ ಕೂತಿದ್ದರೆ ರಂಗಸ್ವಾಮಿಯ ಕೈಯಿಂದ ನಟ್ಟುಗಳು ಬೀಳುತ್ತಿದ್ದವು, ಆದ್ದರಿಂದ ಅವರನ್ನು ಅಲ್ಲಿಂದ ಎಬ್ಬಿಸಿ ಹೋಟೆಲಿಗೆ ಕರೆದೊಯ್ಯುವುದೇ ನನ್ನ ಕೆಲಸವಾಯಿತು. ಹಾಗೆ ಕುಡಿದ ಕಾಫಿಯಿಂದಲೋ ಏನೋ, ಆ ದಿನಗಳಲ್ಲಿ ನನಗೆ ನಿದ್ದೆಯೇ ಇರಲಿಲ್ಲ.

ಕಾರು ಸಿದ್ಧವಾದ ಮರುದಿನವೇ ಪಂಚಾಂಗದ ಪ್ರಕಾರ ಕೊನೆಯ ಒಳ್ಳೆಯ ದಿನ. ಅಮ್ಮ ಮನೆಯಲ್ಲಿ ಆರತಿ ಸಿದ್ಧ ಮಾಡಲು ಉಳಿದಳು. ಅಪ್ಪ ಮತ್ತು ನಾನು ಕುಣಿಗಲ್ಲಿಗೆ ಹೊರಟೆವು. ಹೋಗುವಾಗ ಗೊರಗೊರ ಇರಲಿಲ್ಲ. ಇಲ್ಲದ್ದು ನನಗೆ ಇನ್ನಷ್ಟು ಭಯ ತಂದಿತು. ರೂಢಿಯಾದ ಶಬ್ದವಿದ್ದರೆ ಎಲ್ಲಿ ಕಿವಿಯಿಡಬೇಕೆಂದಾದರೂ ಗೊತ್ತಿರುತ್ತದೆ. ಅಪ್ಪ ಎರಡು ಕೈಯಲ್ಲೂ ಸ್ಟೀರಿಂಗು ಹಿಡಿದು, ಹಿಂದಿನಿಂದ ಹಾರ್ನ್ ಹೊಡೆದವರಿಗೆಲ್ಲ ದಾರಿ ಬಿಟ್ಟುಕೊಡುತ್ತ ಹೋದರು.

ಗೌರಮ್ಮನವರು ಅಕ್ಕನಿಗೆ ಮಡಿಲು ತುಂಬಿ, ಹೊರಗೆ ಬಂದು ಕಾರನ್ನು ಒಂದು ಸುತ್ತು ಹಾಕಿದರು. ಎತ್ತು ಕೊಳ್ಳುವವರು ನೋಡುವ ಹಾಗೆ ನೋಡಿದರು.

"ಕಾರು ಸರ್ಯಾಗೈತೆ ತಾನೆ ಬೀಗ್ರೇ?"

ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟರು. ಹೊಸದು ಎನ್ನುತ್ತಾರೆಂದು ನಾನು ಕಾದೆ. "ರಿಪೇರಿ ಮಾಡಿಸಿದೀನಿ," ಅಂದರು. ಗೌರಮ್ಮನವರು ತಲೆಯಾಡಿಸಿದರು. ಆ ಉತ್ತರ ಅವರಿಗೆ ಹಿಡಿಸಿದಂತೆ ಕಂಡಿತು.

ಅಕ್ಕ ನನ್ನ ಪಕ್ಕದಲ್ಲಿ ಹಿಂದಿನ ಸೀಟಿನಲ್ಲಿ ಕೂತಳು. ಅವಳು ನನ್ನ ಹಾಗಲ್ಲ. ಕುಣಿಗಲ್ ಕೆರೆ ದಾಟುವುದರೊಳಗೆ ಇಡೀ ಬೀದಿಯ ಸುದ್ದಿ ಹೇಳಿ ಮುಗಿಸಬೇಕಾದವಳು. ಅವತ್ತು ಬಾಯಿ ಬಿಡಲಿಲ್ಲ. ಕೆರೆ ದಾಟಿತು, ಊರು ಹಿಂದೆ ಬಿತ್ತು, ಅಕ್ಕ ಎರಡೂ ಕೈ ಹೊಟ್ಟೆಯ ಮೇಲಿಟ್ಟು ಎಲ್ಲೋ ನೋಡುತ್ತ ಕೂತಿದ್ದಳು. ಕಾರಿನ ಸಂಗತಿ ಇವಳಿಗೆ ಗೊತ್ತಾಗಿದೆ, ಹೆದರಿದ್ದಾಳೆ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಹೊಸದೊಂದು ಶಬ್ದ ಕೇಳಿಸಿತು. ಟಕ್, ಟಕ್. ತಿರುವು ಬಂದಾಗಲೆಲ್ಲ ಟಕ್. ಕನ್ನಡಿಯಲ್ಲಿ ಅಪ್ಪನ ಕಣ್ಣು ನನ್ನ ಕಣ್ಣನ್ನು ಹುಡುಕಿತು. ಅವರಿಗೂ ಕೇಳಿಸಿತ್ತು. ಇಬ್ಬರೂ ಹೇಳಲಿಲ್ಲ.

ಹೆಬ್ಬೂರು ದಾಟಿದ ಮೇಲೆ, ಎದುರಿನ ಲಾರಿಗೆ ಪಕ್ಕ ಕೊಡಲು ಹೋಗಿ ಅಪ್ಪನಿಗೆ ಒಂದು ಗುಂಡಿ ತಪ್ಪಿಸಲಾಗಲಿಲ್ಲ. ಕಾರು ದಡ್ ಎಂದು ಇಳಿದು ಎದ್ದಿತು. ಅಕ್ಕ "ಅಯ್ಯಮ್ಮ" ಎಂದು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಅಪ್ಪ ರಸ್ತೆಯ ಪಕ್ಕದ ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿದರು. ಅವರ ಕುತ್ತಿಗೆಯ ಹಿಂಭಾಗ ಬೆವೆತಿತ್ತು. ತಿರುಗಿ ನೋಡುವ ಧೈರ್ಯವಾಗದೆ ಮುಂದಕ್ಕೇ ನೋಡುತ್ತ, "ಏನಮ್ಮ ಅದು? ಶಬ್ದ ಬಂತಾ?" ಅಂದರು.

"ಶಬ್ದ ಅಲ್ಲಪ್ಪ. ಒದೀತು," ಅಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು. "ಬೆಳಗ್ಗೆಯಿಂದ ಅಲ್ಲಾಡೇ ಇರ್ಲಿಲ್ಲ. ಅತ್ತೆಗೆ ಹೇಳಿದ್ರೆ ಕಳಿಸ್ತಿರ್ಲಿಲ್ಲ. ಯಾರ್ಗೂ ಹೇಳ್ಲಿಲ್ಲ. ಅಲ್ಲಿಂದ ಇಲ್ಲಿ ತನಕ ಅದನ್ನೇ ನೋಡ್ಕೊಂಡು ಕೂತಿದ್ದೆ."

ಒಂದೇ ಕಾರಿನಲ್ಲಿ ನಾವು ಮೂವರೂ ಇಡೀ ದಾರಿ ಉಸಿರು ಬಿಗಿಹಿಡಿದು ಕಿವಿಯಾಗಿ ಕೂತಿದ್ದೆವು, ಒಬ್ಬರಿಗೊಬ್ಬರು ಹೇಳದೆ. ನಾನು ಇಳಿದು ಡಿಕ್ಕಿ ತೆಗೆದೆ. ಮಡಿಲಕ್ಕಿಯ ತೆಂಗಿನಕಾಯಿಯೊಂದು ಗಂಟಿನಿಂದ ಜಾರಿ ಬಂದು ಸ್ಟೀಲು ಡಬ್ಬಕ್ಕೆ ಒರಗಿತ್ತು, ಟಕ್ ಎನ್ನುತ್ತಿದ್ದುದು ಅದೇ. ಅದನ್ನು ಎತ್ತಿ ಅಪ್ಪನಿಗೆ ತೋರಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು, ಅಭ್ಯಾಸಬಲದಿಂದ ಕಿವಿಯ ಹತ್ತಿರ ಅಲ್ಲಾಡಿಸಿ, ಪಕ್ಕದ ಸೀಟಿನಲ್ಲಿಟ್ಟರು.

ಇನ್ನು ಹೊರಡೋಣವೇ ಎಂದು ಕೇಳಿದೆ. ಅಪ್ಪ ಕೀಲಿಯ ಮೇಲೆ ಕೈಯಿಟ್ಟರು, ತಿರುಗಿಸಲಿಲ್ಲ.

"ಇರಮ್ಮ. ಇನ್ನೊಂದ್ಸಲ ಒದೀಲಿ," ಅಂದರು.

ಅಕ್ಕ ನನ್ನ ಕೈ ತೆಗೆದುಕೊಂಡು ಹೊಟ್ಟೆಯ ಮೇಲಿಟ್ಟುಕೊಂಡಳು. ಇಂಜಿನ್ನು ಆರಿತ್ತು. ಹುಣಸೆಯ ನೆರಳಿನಲ್ಲಿ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ನಾವು ಕಾದೆವು.